ಧಾತು-ಈಶ್ವರ ಬರ ಮತ್ತು ತುಮಕೂರಿನ ಅನಾಥ ಮಕ್ಕಳು: ಗಂಜಿಗೆ ಧರ್ಮ ಮಾರಿಕೊಂಡವರು ಅನ್ನೋರಿಗೆ ಒಂದಿಷ್ಟು ಇತಿಹಾಸ



ಬರಹ ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡಿಕೊಂಡು ಪೂರ್ತಿ ಓದಿ.

"ಒಂದು ಹೊತ್ತಿನ ಗಂಜಿಗೆ ಧರ್ಮ ಮಾರಿಕೊಂಡವರು." ನಮ್ಮ ತುಮಕೂರು ಜಿಲ್ಲೆಯ ದಲಿತ ಕ್ರೈಸ್ತರ ಬಗ್ಗೆ ಈ ಮಾತನ್ನ ನೀವೂ ಕೇಳಿರ್ತೀರಿ. ಚುನಾವಣೆ ಹತ್ರ ಬಂದಾಗ ಜಾಸ್ತಿ ಕೇಳಿಸುತ್ತೆ. ಬೇಜಾರಿನ ವಿಷಯ ಅಂದ್ರೆ ನಮ್ಮ ಹುಡುಗರ ಬಾಯಲ್ಲೂ ಈಗ ಇದೇ ಮಾತು ಬರ್ತಾ ಇದೆ. ಹೇಳೋರು ಗಂಜಿಯ ಬಗ್ಗೆ ಮಾತಾಡ್ತಾರೆ. ಹಸಿವು ಎಲ್ಲಿಂದ ಬಂತು ಅಂತ ಮಾತ್ರ ಯಾರೂ ಕೇಳಲ್ಲ. ಇವತ್ತು ಆ ಹಸಿವಿನಿಂದಲೇ ಶುರು ಮಾಡ್ತೀನಿ.

ಮಳೆ ಎಲ್ಲರಿಗೂ ಕೈಕೊಟ್ಟಿತು, ಸಾವು ಎಲ್ಲರಿಗೂ ಒಂದೇ ಥರ ಬರಲಿಲ್ಲ

ಹಳೇ ಮೈಸೂರು ಸೀಮೆಯಲ್ಲಿ ಇದನ್ನ ಧಾತು-ಈಶ್ವರ ಬರ ಅಂತಾರೆ. ಧಾತು, ಈಶ್ವರ ಎರಡೂ ಸಂವತ್ಸರದ ಹೆಸರು. ಇಂಗ್ಲಿಷ್ ಲೆಕ್ಕದಲ್ಲಿ 1876ರಿಂದ 1878. ನಮ್ಮಜ್ಜಿ ಕಾಲದವರೆಗೂ ಹಟ್ಟಿಯಲ್ಲಿ ಇದರ ನೆನಪು ಬೈಗುಳವಾಗಿ ಉಳಿದಿತ್ತು. ಮಕ್ಕಳು ಗಬಗಬ ತಿಂದರೆ "ಧಾತು ಬರದಾಗೆ ಹುಟ್ಟಿದೋನಂಗೆ ತಿಂತಾನೆ ನೋಡು" ಅನ್ನೋರು. ಬರ ನೋಡಿದವರು ಯಾರೂ ಆಗ ಬದುಕಿರಲಿಲ್ಲ. ಮಾತು ಉಳಿದಿತ್ತು.

1875ರಲ್ಲೇ ಮಳೆ ಕಡಿಮೆಯಾಯಿತು. 1876ರಲ್ಲಿ ಪೂರ್ತಿ ಕೈಕೊಟ್ಟಿತು. 1877ರ ಮುಂಗಾರೂ ಬರಲಿಲ್ಲ. ಅದೇ ವರ್ಷಗಳಲ್ಲಿ ಉತ್ತರ ಚೀನಾದಲ್ಲಿ, ಬ್ರೆಜಿಲ್‌ನ ಈಶಾನ್ಯ ಭಾಗದಲ್ಲೂ ಜನ ಹಸಿವಿನಿಂದ ಸತ್ತರು. ಪೆಸಿಫಿಕ್ ಸಾಗರ ಬಿಸಿಯಾಗಿ ಹುಟ್ಟೋ ಎಲ್ ನಿನೋ ಆ ಸಲ ತುಂಬಾ ಜೋರಾಗಿತ್ತು ಅಂತ ಇವತ್ತಿನ ವಿಜ್ಞಾನಿಗಳು ಹೇಳ್ತಾರೆ. ಇಷ್ಟು ಪ್ರಕೃತಿಯ ಪಾಲು.

ಮಿಕ್ಕಿದ್ದು ಮನುಷ್ಯರ ಪಾಲು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷ ಆದ ಮೇಲೆ, 1881ರಲ್ಲಿ, 41,86,188. ಎಂಟೂಮುಕ್ಕಾಲು ಲಕ್ಷದ ಹತ್ತಿರ ಕಡಿಮೆ. ಬರ ಇಲ್ಲದಿದ್ದರೆ ಹುಟ್ಟಿ ಬೆಳೀಬೇಕಾಗಿದ್ದವರನ್ನೂ ಸೇರಿಸಿದರೆ ನಷ್ಟ ಇನ್ನೂ ದೊಡ್ಡದು. ಮಲೆನಾಡು ಅಷ್ಟಾಗಿ ನಲುಗಲಿಲ್ಲ. ಹೆಚ್ಚು ಹೊಡೆತ ಬಿದ್ದಿದ್ದು ಬಯಲುಸೀಮೆಗೆ: ಕೋಲಾರ, ಬೆಂಗಳೂರು, ಚಿತ್ರದುರ್ಗ, ನಮ್ಮ ತುಮಕೂರು.

ಸತ್ತವರು ಯಾರು? ಇದಕ್ಕೆ ಉತ್ತರ ಊರಿನ ವ್ಯವಸ್ಥೆಯಲ್ಲೇ ಇದೆ. ಕಣಜದಲ್ಲಿ ರಾಗಿ ಇದ್ದವನು ಒಂದು ವರ್ಷ ತಳ್ಳಿದ. ಒಡವೆ ಇದ್ದವನು ಅಡ ಇಟ್ಟ. ಜಮೀನು ಇದ್ದವನಿಗೆ ಸಾಲ ಹುಟ್ಟಿತು. ನಮ್ಮವರಿಗೆ ಏನಿತ್ತು? ತೋಟಿ, ತಳವಾರ, ನೀರಗಂಟಿ ಕೆಲಸಕ್ಕೆ ಸುಗ್ಗಿಯಲ್ಲಿ ಸಿಗೋ ಆಯ ಇತ್ತು. ಬೆಳೆಯೇ ಇಲ್ಲ ಅಂದ್ಮೇಲೆ ಆಯ ಎಲ್ಲಿಂದ ಬರಬೇಕು? ಜೀತಕ್ಕಿದ್ದವನನ್ನ ಗೌಡ "ಹೋಗು, ನಿನಗೆ ಹಾಕೋಕೆ ಹಿಟ್ಟಿಲ್ಲ" ಅಂದರೆ ಮುಗೀತು. ಕೆರೆಯಲ್ಲಿ ನಾಲ್ಕು ಬಿಂದಿಗೆ ನೀರಿದ್ದರೂ ನಾವು ಮುಟ್ಟೋ ಹಾಗಿರಲಿಲ್ಲ. ಅಮರ್ತ್ಯ ಸೇನ್ 1981ರ ತಮ್ಮ ಪುಸ್ತಕದಲ್ಲಿ ಹೇಳಿದ್ದು ಇದನ್ನೇ: ಕ್ಷಾಮದಲ್ಲಿ ಜನ ಸಾಯೋದು ದೇಶದಲ್ಲಿ ಕಾಳು ಇಲ್ಲ ಅಂತಷ್ಟೇ ಅಲ್ಲ, ಆ ಕಾಳಿನ ಮೇಲೆ ಅವರಿಗೆ ಹಕ್ಕು ಇಲ್ಲದೇ ಇರೋದ್ರಿಂದ. ನಮ್ಮ ಹಟ್ಟಿಗಳಿಗೆ ಇದನ್ನ ಅರ್ಥ ಮಾಡಿಕೊಳ್ಳೋಕೆ ಅರ್ಥಶಾಸ್ತ್ರ ಓದಬೇಕಾಗಿಲ್ಲ.

ಸರ್ಕಾರ ಏನು ಮಾಡ್ತಿತ್ತು?

ಆಗ ಮೈಸೂರು ಮಹಾರಾಜರ ಕೈಯಲ್ಲಿರಲಿಲ್ಲ. 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳ ಆಡಳಿತ. 1877ರ ಜನವರಿ 1ರಂದು ದಿಲ್ಲಿಯಲ್ಲಿ ವೈಸರಾಯ್ ಲಿಟ್ಟನ್ ದೊಡ್ಡ ದರ್ಬಾರು ನಡೆಸಿ ವಿಕ್ಟೋರಿಯಾ ರಾಣಿಯನ್ನ ಭಾರತದ ಸಾಮ್ರಾಜ್ಞಿ ಅಂತ ಸಾರಿದ. ದಕ್ಷಿಣದಲ್ಲಿ ಅದೇ ಹೊತ್ತಿಗೆ ಜನ ಊರು ಬಿಟ್ಟು ರಸ್ತೆಗೆ ಬಿದ್ದಿದ್ದರು. ಪಕ್ಕದ ಮದರಾಸಿನಲ್ಲಿ ರಿಚರ್ಡ್ ಟೆಂಪಲ್ ಅನ್ನೋ ಅಧಿಕಾರಿ ಬರಗಾಲದ ಕಾಮಗಾರಿಯಲ್ಲಿ ದುಡಿಯೋರ ಕಾಳನ್ನ ದಿನಕ್ಕೆ ಒಂದು ಪೌಂಡಿಗೆ, ಅಂದ್ರೆ 450 ಗ್ರಾಮಿಗೆ, ಇಳಿಸಿದ. ದಿನವಿಡೀ ಮಣ್ಣು ಹೊರೋ ಮನುಷ್ಯನಿಗೆ ಇದು ಸಾಲಲ್ಲ ಅಂತ ಅಲ್ಲಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಜಗಳವಾಡಿದರು.

1877ರ ಸೆಪ್ಟೆಂಬರಿನಲ್ಲಿ ಲಿಟ್ಟನ್ ಮೈಸೂರು ಸೀಮೆಗೂ ಬಂದ. ಚಾರ್ಲ್ಸ್ ಎಲಿಯಟ್ ಎಂಬುವನನ್ನ ಬರ ಪರಿಹಾರದ ಕಮಿಷನರ್ ಮಾಡಿದರು. ಗಂಜಿಕೇಂದ್ರದಲ್ಲಿ ಕೂತವರನ್ನ ಎಬ್ಬಿಸಿ ಕಾಮಗಾರಿಗೆ ಕಳಿಸೋದು ಆಗಿನ ನೀತಿ. ಬೆಂಗಳೂರು-ಮೈಸೂರು ರೈಲು ದಾರಿಯ ಕೆಲಸ ಶುರುವಾಗಿದ್ದು ಈ ಬರದ ಕಾಮಗಾರಿಯಾಗಿ. ಆ ರೈಲಲ್ಲಿ ಓಡಾಡೋ ನಾವು ಅದರ ಬುನಾದಿಗೆ ಮಣ್ಣು ಹೊತ್ತವರನ್ನ ನೆನೆಸಿಕೊಳ್ಳೋದು ಅಪರೂಪ. ಇಷ್ಟೆಲ್ಲಾ ಆದ ಮೇಲೆ ಬರದ ಖರ್ಚು ಅಂತ 80 ಲಕ್ಷ ರೂಪಾಯಿ ಸಾಲವನ್ನ ಮೈಸೂರಿನ ತಲೆಗೇ ಕಟ್ಟಿದರು.

ಲಂಡನ್ನಿನಲ್ಲಿ ಮ್ಯಾನ್ಷನ್ ಹೌಸ್ ನಿಧಿ ಅಂತ ಸಾರ್ವಜನಿಕ ಚಂದಾ ಎತ್ತಿದರು. ಒಳ್ಳೇ ಮೊತ್ತವೇ ಬಂತು. ಅದರ ಬಹುಪಾಲು ಹೋಗಿದ್ದು ರೈತರಿಗೆ: ಬಿತ್ತನೆ ಬೀಜ, ಎತ್ತು, ಬಿದ್ದ ಮನೆಗೆ ಸೂರು. ಒಳ್ಳೇ ಕೆಲಸವೇ. ಆದರೆ ಯೋಚನೆ ಮಾಡಿ. ಎತ್ತು ಕಳಕೊಂಡವನಿಗೆ ಎತ್ತು ಕೊಟ್ಟರು. ಮೊದಲಿಂದಲೂ ಎತ್ತೇ ಇಲ್ಲದವನಿಗೆ? ಹೊಲ ಪಾಳು ಬಿದ್ದವನಿಗೆ ಬೀಜ ಕೊಟ್ಟರು. ಹೊಲವೇ ಇಲ್ಲದವನಿಗೆ? ಪುನರ್ವಸತಿ ಅಂದರೆ ಇದ್ದದ್ದನ್ನ ಮತ್ತೆ ಕಟ್ಟಿಕೊಡೋದು ಅಂತ ಲೆಕ್ಕ ಹಾಕಿದರೆ, ಏನೂ ಇಲ್ಲದವರ ಪಾಲಿಗೆ ಬರೋದೂ ಏನೂ ಇಲ್ಲ. ಇವತ್ತು ನೆರೆ ಬಂದಾಗ ಪಹಣಿ ಇದ್ದವನಿಗೆ ಬೆಳೆ ಪರಿಹಾರ, ಕೂಲಿಯವನಿಗೆ ಒಂದು ಕಿಟ್ ಕೊಡೋದೂ ಇದೇ ಲೆಕ್ಕವೇ ಅಲ್ವಾ?

ಗುಬ್ಬಿ, ಕುಣಿಗಲ್, ತುಮಕೂರು: ಬರಕ್ಕೆ ಮುಂಚಿನ ಮಿಷನ್

ಮಿಷನ್ನಿನವರು ಬರ ನೋಡಿಕೊಂಡು ಹದ್ದಿನ ಹಾಗೆ ಬಂದಿಳಿದರು ಅನ್ನೋದು ಇನ್ನೊಂದು ಸುಳ್ಳು. ಇಂಗ್ಲೆಂಡಿನ ವೆಸ್ಲಿಯನ್ ಮೆಥಡಿಸ್ಟರು ಗುಬ್ಬಿಗೆ ಬಂದಿದ್ದು 1830ರ ದಶಕದ ಕೊನೆಗೆ. ಬರಕ್ಕೆ ನಲವತ್ತು ವರ್ಷ ಮುಂಚೆ. ಥಾಮಸ್ ಹಾಡ್ಸನ್ ಅಲ್ಲಿ ಕೆಲಸ ಶುರು ಮಾಡಿದರು. 1839ರಲ್ಲಿ ಬಂದ ವಿಲಿಯಂ ಆರ್ಥರ್ ಕಾಯಿಲೆ ಬಿದ್ದು 1841ರಲ್ಲಿ ವಾಪಸ್ ಹೋದರು. 1847ರಲ್ಲಿ ಮೈಸೂರು ಸೀಮೆಯ ಅನುಭವದ ಪುಸ್ತಕ ಬರೆದರು. ಆ ಕಾಲದ ಮಿಷನ್ ವರದಿಗಳಲ್ಲಿ ಗುಬ್ಬಿ, ಕುಣಿಗಲ್, ತುಮಕೂರು ಮೂರೂ ಹೆಸರು ಬರುತ್ತವೆ. ಸಂತೆಯಲ್ಲಿ ನಿಂತು ಉಪದೇಶ ಮಾಡೋದು, ಶಾಲೆ ತೆರೆಯೋದು, ಬ್ರಾಹ್ಮಣರ ಜೊತೆ ಲಿಂಗಾಯತರ ಜೊತೆ ವಾದ ಮಾಡೋದು ಅವರ ದಿನಚರಿ.

ನಲವತ್ತು ವರ್ಷ ಇಷ್ಟು ಮಾಡಿದರೂ ಕ್ರೈಸ್ತರಾದವರು ಬೆರಳೆಣಿಕೆಯಷ್ಟು. ಕಾರಣ ಏನಂದ್ರೆ ಶುರುವಿನಲ್ಲಿ ಅವರ ಕಣ್ಣು ಇದ್ದಿದ್ದು ಮೇಲ್ಜಾತಿಯ ಮೇಲೆ. ದೊಡ್ಡವರನ್ನ ಗೆದ್ದರೆ ಮಿಕ್ಕವರು ತಾವಾಗೇ ಹಿಂದೆ ಬರ್ತಾರೆ ಅನ್ನೋದು ಆ ಕಾಲದ ಎಷ್ಟೋ ಮಿಷನರಿಗಳ ನಂಬಿಕೆ. ಹಟ್ಟಿಗಳು ಅವರ ಕಣ್ಣಿಗೆ ಸರಿಯಾಗಿ ಬಿದ್ದಿದ್ದು, ಹಟ್ಟಿಗಳು ಖಾಲಿಯಾಗಿ ರಸ್ತೆಗೆ ಬಂದಾಗ. ಮಿಷನ್ನಿನ ಬಗ್ಗೆ ಒಳ್ಳೇದು ಹೇಳೋವಾಗ ನಾವು ಇದನ್ನೂ ಹೇಳಬೇಕು.

ಹುಡುಗರು ತುಮಕೂರಿಗೆ, ಹುಡುಗಿಯರು ಹಾಸನಕ್ಕೆ

ಬರದಲ್ಲಿ ಅಪ್ಪ ಅಮ್ಮ ಸತ್ತು, ಇಲ್ಲಾ ಎಲ್ಲೋ ದಾರಿಯಲ್ಲಿ ಕೈ ತಪ್ಪಿ ಉಳಿದ ಮಕ್ಕಳು ಲೆಕ್ಕವಿಲ್ಲದಷ್ಟು. ವೆಸ್ಲಿಯನ್ ಮಿಷನ್ ಇವರಿಗಾಗಿ ಎರಡು ಅನಾಥಾಲಯ ತೆರೆಯಿತು. ಗಂಡುಮಕ್ಕಳಿಗೆ ತುಮಕೂರಿನಲ್ಲಿ, ಹೆಣ್ಣುಮಕ್ಕಳಿಗೆ ಹಾಸನದಲ್ಲಿ. ತುಮಕೂರಿನ ಅನಾಥಾಲಯದ ಜೊತೆ ಒಂದು ಕೈಗಾರಿಕಾ ಶಾಲೆಯೂ ಬೆಳೀತು. ಓದು-ಬರಹದ ಜೊತೆ ಕಸುಬು.

ಈ ಕಸುಬಿನ ಮಾತು ಸಣ್ಣದಲ್ಲ. ನಮ್ಮ ಊರುಗಳಲ್ಲಿ ಮರಗೆಲಸ ಆಚಾರರದ್ದು, ಕಬ್ಬಿಣ ಕಮ್ಮಾರರದ್ದು, ಸತ್ತ ದನ ಹೊರೋದು ನಮ್ಮದು. ಹುಟ್ಟಿದ ಜಾತಿ ಯಾವುದು ಅಂತ ಕೇಳದೆ ಒಬ್ಬ ಹುಡುಗನ ಕೈಗೆ ಉಳಿ, ಸುತ್ತಿಗೆ ಕೊಡೋದು ಅಂದ್ರೆ ಆ ಕಾಲಕ್ಕೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅಕ್ಷರವೂ ಅಷ್ಟೇ. ಮೈಸೂರಿನ ಸರ್ಕಾರಿ ಶಾಲೆಯೊಳಗೆ ನಮ್ಮ ಮಕ್ಕಳನ್ನ ಕೂರಿಸೋದಕ್ಕೆ 1910ರ ದಶಕದಲ್ಲೂ ಗಲಾಟೆ ನಡೆದಿದೆ. ಹಿಂದುಳಿದವರಿಗೆ ಅವಕಾಶ ಕೊಡೋ ವಿಚಾರಕ್ಕೆ ಮಿಲ್ಲರ್ ಸಮಿತಿ ಆಗಿದ್ದೇ 1918ರಲ್ಲಿ. ಅದಕ್ಕೂ ನಲವತ್ತು ವರ್ಷ ಮುಂಚೆ ತುಮಕೂರಿನಲ್ಲಿ ಬರದ ಮಕ್ಕಳು ಒಂದೇ ಸೂರಿನ ಕೆಳಗೆ ಕೂತು ಓದಿದರು, ಒಂದೇ ಸಾಲಿನಲ್ಲಿ ಕೂತು ಉಂಡರು. ಆ ಮಕ್ಕಳೆಲ್ಲ ದಲಿತರೇ ಅಂತ ನಾನು ಹೇಳ್ತಿಲ್ಲ. ಬರ ಬೇರೆ ಜಾತಿಯ ಬಡವರನ್ನೂ ಬಿಡಲಿಲ್ಲ. ಎಲ್ಲರೂ ಒಟ್ಟಿಗೆ ಉಂಡರಲ್ಲ, ಅಲ್ಲಿದೆ ವಿಷಯ.

ಈಗ ಇನ್ನೊಂದು ಮಗ್ಗುಲು. ಗಂಡುಮಕ್ಕಳು ಇಲ್ಲಿ, ಹೆಣ್ಣುಮಕ್ಕಳು ಹಾಸನದಲ್ಲಿ ಅಂದರೆ, ಒಂದೇ ಹಟ್ಟಿಯ ಅಣ್ಣ-ತಂಗಿ ಉಳಿದಿದ್ದರೆ ಏನಾಗಿರಬೇಕು? ನೂರಾರು ಮೈಲಿ ನಡೆದು ಬಂದ ಮಗುವಿಗೆ ಉಳಿದಿದ್ದ ಒಂದೇ ಒಂದು ಸಂಬಂಧವೂ ದೂರವಾಯಿತು. ದೀಕ್ಷಾಸ್ನಾನದಲ್ಲಿ ಹಳೇ ಹೆಸರು ಹೋಗಿ ಬೈಬಲಿನ ಹೆಸರು ಬಂತು. ಮಾರಮ್ಮನ ಹೆಸರಲ್ಲಿ ಕರೆಸಿಕೊಳ್ತಿದ್ದವಳು ಮೇರಿಯಾದಳು. ಮನೆದೇವರು, ಬೆಡಗು, ಹಟ್ಟಿಯ ಹೆಸರು, ತಮಟೆಯ ಗತ್ತು, ಎಲ್ಲ ಅಲ್ಲಿಗೆ ನಿಂತಿತು. ಹಸಿದ ಮಗುವಿನ ಒಪ್ಪಿಗೆ ಯಾರು ಕೇಳ್ತಾರೆ? ಇದು ನ್ಯಾಯವಾದ ಪ್ರಶ್ನೆ. ಆದರೆ ಈ ಪ್ರಶ್ನೆ ಕೇಳೋ ಹಕ್ಕು ಆ ಮಗುವಿನ ಹಟ್ಟಿಗೆ ಇದೆ. ಮಗು ಬಾಗಿಲಿಗೆ ಬಂದಾಗ ದೂರ ನಿಲ್ಲು ಅಂದವರ ಮೊಮ್ಮಕ್ಕಳಿಗೆ ಇಲ್ಲ.

ಸಿಲುವೆಪುರ, ಒಂಗೋಲು: ಅದೇ ಬರ, ಬೇರೆ ದಾರಿ

ತುಮಕೂರಿನಲ್ಲಿ ಆಗಿದ್ದೇನು ಅಂತ ಸರಿಯಾಗಿ ತಿಳಿಯಬೇಕಾದರೆ ಅದೇ ಬರದಲ್ಲಿ ಬೇರೆ ಕಡೆ ಆಗಿದ್ದನ್ನೂ ನೋಡಬೇಕು.

ಬೆಂಗಳೂರಿನ ಉತ್ತರಕ್ಕೆ, ಹೆಸರಘಟ್ಟದ ಕಡೆ ಸಿಲುವೆಪುರ ಇದೆ. ಸಿಲುವೆ ಅಂದ್ರೆ ಶಿಲುಬೆ. ಬರದ ಅನಾಥರಿಗಾಗಿ ಫ್ರೆಂಚ್ ಕ್ಯಾಥೊಲಿಕ್ ಪಾದ್ರಿಗಳು ಕಟ್ಟಿದ ಊರು ಅದು. ಅಲ್ಲಿ ಗಂಜಿಯ ಜೊತೆ ನೆಲವೂ ಸಿಕ್ಕಿತು. ಬೇಸಾಯ ಮಾಡಿಕೊಂಡು ಸಂಸಾರ ಹೂಡಿದರು. ನೆಲ ಸಿಕ್ಕಿದ ಕಡೆ ಊರು ಉಳೀತು, ಹೆಸರೂ ಉಳೀತು.

ಇನ್ನೊಂದು ಉದಾಹರಣೆ ಆಂಧ್ರದ ಒಂಗೋಲಿನದ್ದು. ಅಲ್ಲಿ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನ್ನಿನ ಜಾನ್ ಕ್ಲೌ ಬಕಿಂಗ್‌ಹ್ಯಾಮ್ ಕಾಲುವೆಯ ಮೂರೂವರೆ ಮೈಲಿ ಗುತ್ತಿಗೆ ಹಿಡಿದು ಬರಪೀಡಿತರಿಗೆ ಕೆಲಸ ಕೊಟ್ಟರು. ಬಂದವರಲ್ಲಿ ಹೆಚ್ಚಿನವರು ಮಾದಿಗರು. ಈಗ ಗಂಜಿಗೆ ಧರ್ಮ ಮಾರಿಕೊಂಡರು ಅನ್ನೋರು ಕಿವಿಗೊಟ್ಟು ಕೇಳಿ. ಬರ ಪರಿಹಾರ ನಡೆಯೋವರೆಗೆ ಕ್ಲೌ ಯಾರಿಗೂ ದೀಕ್ಷಾಸ್ನಾನ ಕೊಡಲಿಲ್ಲ. ಹೊಟ್ಟೆಗಾಗಿ ಬಂದರು ಅನ್ನೋ ಮಾತು ಬರಬಾರದು ಅಂತ ತಡೆದರು. ಬರ ಹಿಂದಾಗಿ, ಪರಿಹಾರ ನಿಂತ ಮೇಲೂ ಜನ ಬಂದರು. 1878ರ ಜುಲೈ 3ರಂದು ಒಂದೇ ದಿನ 2,222 ಜನ ದೀಕ್ಷಾಸ್ನಾನ ಪಡೆದರು.

ಯಾಕೆ ಬಂದರು? ಅಲ್ಲಿ ಮಿಷನರಿಗಿಂತ ಮುಂಚೆ ನಮ್ಮವನೊಬ್ಬ ಕೆಲಸ ಮಾಡಿದ್ದ. ಯರ್ರಗುಂಟ್ಲ ಪೆರಯ್ಯ, ಮಾದಿಗ, ತೊಗಲಿನ ವ್ಯಾಪಾರಕ್ಕೆ ಊರೂರು ಸುತ್ತುತ್ತಿದ್ದವನು. ಬರಕ್ಕೆ ಹತ್ತು ವರ್ಷ ಮುಂಚೆಯೇ ಹೊಸ ಧರ್ಮ ಹಿಡಿದು, ಹಳ್ಳಿ ಹಳ್ಳಿಯ ಮಾದಿಗಗೇರಿಗಳಲ್ಲಿ ಮಾತಾಡಿದ್ದ. ಆದ್ದರಿಂದ ಅಲ್ಲಿ ಒಬ್ಬೊಬ್ಬರೇ ಅನಾಥರಾಗಿ ಬರಲಿಲ್ಲ. ಕೇರಿಗೆ ಕೇರಿಯೇ, ತಮ್ಮ ಹಿರಿಯರ ಜೊತೆ ಬಂತು. ಬಂದ ಮೇಲೂ ಕೇರಿಯಾಗಿ ಉಳೀತು.

ತುಮಕೂರಿನಲ್ಲಿ ಆಗಿದ್ದಕ್ಕೂ ಇದಕ್ಕೂ ಇರೋ ವ್ಯತ್ಯಾಸ ಇದೇ. ಒಂಗೋಲಿನಂಥ ದೊಡ್ಡ ಚಳವಳಿ ನಮ್ಮಲ್ಲಿ ಆಗಲಿಲ್ಲ. ಮಿಷನ್ ಇಲ್ಲಿ ಮಕ್ಕಳನ್ನ ಉಳಿಸಿತು, ಆದರೆ ಸಮುದಾಯವನ್ನ ಮತ್ತೆ ಕಟ್ಟಲಿಲ್ಲ. ಉಳಿದ ಮಕ್ಕಳಿಗೆ ಹೊಸ ಬದುಕು ಸಿಕ್ಕಿತು, ಅವರು ಬಂದ ಹಟ್ಟಿಗಳಿಗೆ ಏನೂ ಸಿಗಲಿಲ್ಲ. ಬರ ಮುಗಿದ ಮೇಲೆ ಹಟ್ಟಿಯಲ್ಲಿ ಉಳಿದವರು ಮತ್ತೆ ಅದೇ ಗೌಡನ ಮನೆ ಮುಂದೆ ಜೀತಕ್ಕೆ ನಿಂತರು. 1884ಕ್ಕೆ ತುಮಕೂರಿಗೆ ರೈಲು ಬಂತು. ಅದೇ ವರ್ಷ ಗುಬ್ಬಿಯಲ್ಲಿ ನಾಟಕ ಕಂಪನಿ ಹುಟ್ಟಿತು. ಊರು ಚೇತರಿಸಿಕೊಂಡಿತು ಅಂತ ಇತಿಹಾಸ ಬರೆಯೋಕೆ ಇವೆರಡೇ ಸಾಕು. ಹಟ್ಟಿ ಚೇತರಿಸಿಕೊಂಡಿತಾ ಅಂತ ಕೇಳಿದ ಇತಿಹಾಸಕಾರರು ಎಷ್ಟು ಜನ?

ಯಾರ ಅನ್ನ ದಾಸೋಹ, ಯಾರ ಅನ್ನ ಆಮಿಷ?

ತುಮಕೂರಿನವರಿಗೆ ಅನ್ನ-ಅಕ್ಷರದ ಬೆಲೆ ಹೇಳಿಕೊಡಬೇಕಾಗಿಲ್ಲ. ಸಿದ್ಧಗಂಗೆಯಲ್ಲಿ 1917ರಲ್ಲಿ ಉದ್ದಾನ ಶಿವಯೋಗಿಗಳು ಪಾಠಶಾಲೆ ತೆರೆದರು. ಶಿವಕುಮಾರ ಸ್ವಾಮೀಜಿಗಳ ಕಾಲದಲ್ಲಿ ಅನ್ನ, ಅಕ್ಷರ, ಆಶ್ರಯ ಅನ್ನೋ ತ್ರಿವಿಧ ದಾಸೋಹ ಎಲ್ಲ ಜಾತಿಯ ಸಾವಿರಾರು ಮಕ್ಕಳನ್ನ ಬೆಳೆಸಿತು. ನಮ್ಮ ಎಷ್ಟೋ ಹುಡುಗರು ಅಲ್ಲಿ ಉಂಡು ಓದಿದವರು. ಅದನ್ನ ಯಾರೂ ಆಮಿಷ ಅನ್ನಲ್ಲ, ಅನ್ನಲೂಬಾರದು.

ಹಾಗಾದರೆ 1877ರ ಅನಾಥಾಲಯದ ಅನ್ನ, ಅಕ್ಷರ, ಆಶ್ರಯ ಮಾತ್ರ ಯಾಕೆ ಆಮಿಷ?

2022ರ ಕರ್ನಾಟಕದ ಮತಾಂತರ ವಿರೋಧಿ ಕಾಯ್ದೆಯನ್ನ ಒಮ್ಮೆ ಓದಿ. ಉಡುಗೊರೆ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಹೆಸರಾಂತ ಶಾಲೆಯಲ್ಲಿ ಉಚಿತ ಶಿಕ್ಷಣ, ಉತ್ತಮ ಜೀವನಶೈಲಿ, ಇವನ್ನೆಲ್ಲ ಆಮಿಷದ ಪಟ್ಟಿಗೆ ಸೇರಿಸಿದ್ದಾರೆ. ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಶಿಕ್ಷೆ. ಮತಾಂತರ ಆದವರು ಪರಿಶಿಷ್ಟ ಜಾತಿ-ಪಂಗಡದವರು, ಹೆಂಗಸರು, ಅಪ್ರಾಪ್ತರಾದರೆ ಮೂರರಿಂದ ಹತ್ತು ವರ್ಷ. ಅಂದ್ರೆ ಕಾಯ್ದೆಯ ಕಣ್ಣಲ್ಲಿ ದಲಿತ ಅನ್ನೋನು ಅಪ್ರಾಪ್ತ ಮಗುವಿನ ಸಾಲಿನಲ್ಲೇ ಕೂತಿದ್ದಾನೆ, ತನ್ನ ಬುದ್ಧಿಯಿಂದ ತಾನು ತೀರ್ಮಾನ ಮಾಡಲಾರದವನು! ಇದನ್ನ ರದ್ದು ಮಾಡ್ತೀವಿ ಅಂತ 2023ರ ಜೂನ್‌ನಲ್ಲಿ ಹೊಸ ಸಂಪುಟ ತೀರ್ಮಾನಿಸಿತು. ಸಂಪುಟದ ತೀರ್ಮಾನ ಒಂದಾಯಿತು, ಜನರ ತಲೆಯೊಳಗಿನ ಕಾಯ್ದೆ ಬೇರೆ. ಅದನ್ನ ರದ್ದು ಮಾಡೋದು ನಮ್ಮ ಕೆಲಸ.

1956ರಲ್ಲಿ ಬಾಬಾಸಾಹೇಬರು ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ಬೌದ್ಧ ಧರ್ಮ ಸ್ವೀಕರಿಸಿದರು. ಧರ್ಮ ಬಿಡೋದು, ಹಿಡಿಯೋದು ನಮ್ಮ ಹಕ್ಕು ಅಂತ ನಾವು ನಂಬೋದಾದರೆ, ಹಟ್ಟಿಯಿಂದ ಚರ್ಚಿಗೆ ಹೋದವನ ಹಕ್ಕೂ ಅದೇ ಹಕ್ಕು.

ನಮ್ಮವರೇ, ಆದರೆ ಪಟ್ಟಿಯಲ್ಲಿಲ್ಲ

ಚರ್ಚಿಗೆ ಹೋದ ಮೇಲೆ ಜಾತಿ ಹೋಯಿತಾ? ಇಲ್ಲ. ಊರಿನವರು ಮರೆಯಲಿಲ್ಲ, ಚರ್ಚಿನೊಳಗೂ ಮದುವೆ ಮಾತು ಬಂದಾಗ ಮೂಲ ಕೆದಕ್ತಾರೆ. ಮರೆತಿದ್ದು ಸರ್ಕಾರ ಮಾತ್ರ. 1950ರ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿ ಅಂದರೆ ಹಿಂದೂಗಳು ಮಾತ್ರ ಅಂತ ಬರೆಯಿತು. 1956ರಲ್ಲಿ ಸಿಖ್ಖರನ್ನ, 1990ರಲ್ಲಿ ಬೌದ್ಧರನ್ನ ಸೇರಿಸಿದರು. ದಲಿತ ಕ್ರೈಸ್ತರು, ದಲಿತ ಮುಸ್ಲಿಮರು ಇನ್ನೂ ಹೊರಗೆ. ಧರ್ಮದ ಈ ಕಟ್ಟು ತೆಗೀರಿ ಅಂತ 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಹೇಳಿತು. 2022ರಲ್ಲಿ ಇದೇ ವಿಷಯಕ್ಕೆ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ಮಾಡಿದರು.

ಹೀಗಾಗಿ ಬರದಲ್ಲಿ ಬದುಕುಳಿದ ಮಗುವಿನ ಐದನೇ ತಲೆಮಾರಿಗೆ ಎರಡೂ ಕಡೆ ಏಟು. ಊರಿಗೆ ಅವನು ಇನ್ನೂ ಹಟ್ಟಿಯವನು, ತಾಲ್ಲೂಕು ಕಚೇರಿಗೆ ಅಲ್ಲ. ನಮ್ಮ ಸಂಘಟನೆಗಳೂ ಇವರನ್ನ ಕರೆಯೋದು ಕಡಿಮೆ. ಪಾಲು ಹೋದೀತು ಅನ್ನೋ ಭಯ ನಮ್ಮಲ್ಲಿ ಇದೆ, ಅದನ್ನ ಮುಚ್ಚಿಡೋದು ಬೇಡ. ಆ ಭಯದ ಬಗ್ಗೆ ಕೂತು ಮಾತಾಡೋಣ. ಮೀಸಲಾತಿಯ ಪ್ರಮಾಣ ಹೆಚ್ಚಿಸಿ ಅಂತ ಒಟ್ಟಿಗೆ ಕೇಳೋಣ.

ಏನು ಮಾಡಬಹುದು?

ಕುಣಿಗಲ್ಲಿನ ಕುದುರೆ ಫಾರಂ ಎಲ್ಲರಿಗೂ ಗೊತ್ತು. ರೇಸಿನ ಕುದುರೆಗೆ ಅಪ್ಪ ಯಾರು, ತಾಯಿ ಯಾರು, ಅಜ್ಜ ಯಾರು ಅಂತ ಪುಸ್ತಕದಲ್ಲಿ ಬರೆದಿಡ್ತಾರೆ. ಬರದಲ್ಲಿ ಸತ್ತ ನಮ್ಮ ಹಿರಿಯರು ಸರ್ಕಾರದ ವರದಿಯಲ್ಲಿ ಬರೀ ಅಂಕಿ. ಅವರ ಮಕ್ಕಳ ಹೆಸರು ಅಲ್ಪಸ್ವಲ್ಪ ಉಳಿದಿರಬಹುದಾದರೆ ಅದು ಮಿಷನ್ನಿನ ಪುಸ್ತಕಗಳಲ್ಲಿ, ದೀಕ್ಷಾಸ್ನಾನದ ರಿಜಿಸ್ಟರುಗಳಲ್ಲಿ. 1947ರಲ್ಲಿ ವೆಸ್ಲಿಯನ್ ಸಭೆಗಳು ಸಿ.ಎಸ್.ಐ. ಸೇರಿದವು. ಮೆಥಡಿಸ್ಟ್ ಮಿಷನ್ನಿನ ದೊಡ್ಡ ಕಾಗದಪತ್ರ ಸಂಗ್ರಹ ಲಂಡನ್ನಿನ ಸೋವಾಸ್ ಗ್ರಂಥಾಲಯದಲ್ಲಿದೆ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲೂ ಮಿಷನ್ ದಾಖಲೆಗಳ ಭಂಡಾರವಿದೆ.

ಸಂಶೋಧನೆ ಮಾಡ್ತಿರೋ ನಮ್ಮ ಹುಡುಗ-ಹುಡುಗಿಯರಲ್ಲಿ ಕೈಮುಗಿದು ಕೇಳ್ತೀನಿ, ಈ ವಿಷಯ ಎತ್ತಿಕೊಳ್ಳಿ. ಮಿಷನರಿಯ ಜೀವನಚರಿತ್ರೆ ಬರೆಯೋಕೆ ಬೇರೆಯವರಿದ್ದಾರೆ. ನೀವು ಆ ಮಕ್ಕಳು ಯಾವ ಹಟ್ಟಿಯಿಂದ ಬಂದರು, ಯಾವ ಕಸುಬು ಕಲಿತರು, ಎಲ್ಲಿಗೆ ಹೋದರು ಅಂತ ಹುಡುಕಿ. ಗುಬ್ಬಿ, ಕುಣಿಗಲ್, ತುಮಕೂರಿನ ಸಿ.ಎಸ್.ಐ. ಸಭೆಯ ಹಿರಿಯರೇ, ನಿಮ್ಮ ಹಳೇ ರಿಜಿಸ್ಟರುಗಳನ್ನ ಗೆದ್ದಲಿಗೆ ಬಿಡಬೇಡಿ, ಫೋಟೋ ತೆಗೆಸಿಡಿ. ಮನೆಯಲ್ಲಿ ಅಜ್ಜ-ಅಜ್ಜಿ ಇರೋರು ಧಾತು-ಈಶ್ವರ ಬರದ ಬಗ್ಗೆ ಅವರು ಕೇಳಿದ ಕತೆಗಳನ್ನ ಈಗಲೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ನಿಮ್ಮ ಕಡೆ ಈ ಬರದ ಬಗ್ಗೆ ಗಾದೆ, ಬೈಗುಳ, ಜಾಗದ ಹೆಸರು ಏನೇ ಇದ್ದರೂ ಕೆಳಗೆ ಬರೆಯಿರಿ. ಎಲ್ಲವನ್ನೂ ಒಂದು ಕಡೆ ಸೇರಿಸೋ ಕೆಲಸ ನಾನು ಮಾಡ್ತೀನಿ.

ಜೈ ಭೀಮ್.